ಕಲಾಶಾಲೆಯ ಮೇಜಿನ ಮೇಲೆ ಅಹಿಂಸೆ

ವೃಷಭದೇವನು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳೊಡನೆ ಶಿಲ್ಪವೂ ಒಂದು. ತನ್ನ ಪುತ್ರರಲ್ಲಿ ಅನಂತವಿಜಯನಿಗೆ ಅವನು ಚಿತ್ರಕಲೆಯನ್ನು ಕಲಿಸಿದನೆಂದು ಪುರಾಣವು ಹೇಳುತ್ತದೆ. ಕಲೆಗೆ ನಮ್ಮ ಪರಂಪರೆಯಲ್ಲಿ ಇಂತಹ ಸ್ಥಾನವಿದ್ದರೂ, ಮನೆಯ ಮಗಳೊಬ್ಬಳು ಕಲಾಶಾಲೆಗೆ ಸೇರುತ್ತೇನೆಂದಾಗ ಹಿರಿಯರು ಮೌನ ತಾಳುವುದು ಇಂದಿಗೂ ಅಪರೂಪವಲ್ಲ.

ಕರಾವಳಿಯ ಸಣ್ಣ ಊರೊಂದರ ಬಟ್ಟೆ ವ್ಯಾಪಾರಿಯ ಮನೆಯಲ್ಲಿಯೂ ಹೀಗೆಯೇ ಆಯಿತು. ಮಗಳು ಬೆಂಗಳೂರಿನ ಕಲಾಶಾಲೆಯೊಂದರಲ್ಲಿ ವಿನ್ಯಾಸ, ವಸ್ತ್ರ ಹಾಗೂ ಚಲನಚಿತ್ರಗಳನ್ನು ಅಭ್ಯಸಿಸಬಯಸಿದಳು. ‘ಅದು ಶೃಂಗಾರದ ವಿದ್ಯೆ, ಶ್ರಾವಕರ ಮಗಳಿಗೆ ತಕ್ಕುದಲ್ಲ’ ಎಂದು ಅಜ್ಜಿ ಆಕ್ಷೇಪಿಸಿದರು. ತಂದೆಯವರು ಬಹಳ ಯೋಚಿಸಿ, ವ್ರತನಿಯಮಗಳನ್ನು ಬಿಡಬಾರದೆಂಬ ಒಂದೇ ಮಾತನ್ನು ಹೇಳಿ ಕಳುಹಿಸಿಕೊಟ್ಟರು.

ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗಗಳನ್ನು ವಿದ್ಯಾರ್ಥಿನಿಲಯದಲ್ಲಿ ಪಾಲಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟ ಎದುರಾದದ್ದು ಊಟದ ಎಲೆಯಲ್ಲಲ್ಲ, ಕೆಲಸದ ಮೇಜಿನ ಮೇಲೆ. ಮೊದಲ ವರ್ಷದ ಸಾಮಗ್ರಿಗಳ ಪಟ್ಟಿಯನ್ನು ಹಿಡಿದು ಆಕೆ ಒಂದೊಂದರ ಮೂಲವನ್ನೂ ವಿಚಾರಿಸತೊಡಗಿದಳು. ಮೃದುವಾದ ಕುಂಚದ ಕೂದಲು ಪ್ರಾಣಿಯದು. ಕಾರ್ಮೈನ್ ಎಂಬ ಕಡುಗೆಂಪು ಒಂದು ಬಗೆಯ ಕೀಟಗಳನ್ನು ಒಣಗಿಸಿ ತೆಗೆದದ್ದು. ದಂತದ ಹೆಸರನ್ನು ಹೊತ್ತ ಕಪ್ಪು ಬಣ್ಣ ಮೂಳೆಯನ್ನು ಸುಟ್ಟು ಮಾಡಿದ್ದು. ಹಳೆಯ ಫಿಲಂ ಸುರುಳಿಯ ಮೇಲಿನ ಲೇಪವೂ ಜೆಲಟಿನ್, ಅಂದರೆ ಚರ್ಮ ಮತ್ತು ಮೂಳೆಗಳಿಂದ ಬಂದದ್ದು. ಇವುಗಳಲ್ಲಿ ಬಹುಪಾಲಿಗೆ ಬದಲಿ ದೊರೆಯಿತು: ನೈಲಾನ್ ಕುಂಚ, ಖನಿಜಜನ್ಯ ವರ್ಣ, ಡಿಜಿಟಲ್ ಕ್ಯಾಮೆರಾ. ಕೇಳಿದರೆ ಮಾರ್ಗವಿದೆ, ಕೇಳದಿದ್ದರೆ ಇಲ್ಲ ಎಂಬುದು ಆಕೆಯ ಮೊದಲ ಪಾಠವಾಯಿತು.

ಎರಡನೆಯ ಪಾಠ ಅಷ್ಟು ಸುಲಭವಾಗಿರಲಿಲ್ಲ. ವಸ್ತ್ರವಿಭಾಗದ ವಿದ್ಯಾರ್ಥಿಗಳನ್ನು ರಾಮನಗರದ ಕಡೆಗೆ, ರೇಷ್ಮೆಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚುವ ಘಟಕಗಳನ್ನು ತೋರಿಸಲು ಕರೆದೊಯ್ಯಲಾಯಿತು. ಹಿಪ್ಪುನೇರಳೆ ಸೊಪ್ಪನ್ನು ತಿಂದು ಬೆಳೆದ ಹುಳು ತನ್ನ ಸುತ್ತ ನೇಯ್ದುಕೊಳ್ಳುವ ಗೂಡಿನಲ್ಲಿ ಸಾವಿರ ಮೀಟರಿನಷ್ಟು ಉದ್ದದ ಒಂದೇ ಎಳೆ ಇರುತ್ತದೆ. ಪತಂಗವು ಗೂಡನ್ನು ಭೇದಿಸಿ ಹೊರಬಂದರೆ ಆ ಎಳೆ ತುಂಡಾಗುತ್ತದೆ. ಆದುದರಿಂದ ಅದಕ್ಕೆ ಮೊದಲೇ ಆವಿಯಿಂದಲೋ ಬಿಸಿಗಾಳಿಯಿಂದಲೋ ಒಳಗಿನ ಜೀವವನ್ನು ಕೊಲ್ಲುತ್ತಾರೆ. ಒಂದು ಸೀರೆಗೆ ಇಂತಹ ಸಾವಿರಾರು ಗೂಡುಗಳು ಬೇಕು. ಕುದಿನೀರಿನ ತೊಟ್ಟಿಯ ಮುಂದೆ ಕುಳಿತ ಹೆಂಗಸರ ಬೆರಳುಗಳೂ ಬೆಂದು ಬಿರಿದಿದ್ದವು. ಆಕೆ ಆ ಕೈಗಳನ್ನು ನೋಡಿದಳು, ಗೂಡುಗಳನ್ನು ನೋಡಿದಳು. ಆಗ ನೆನಪಾದದ್ದು ತಂದೆಯ ಅಂಗಡಿ. ಮದುವೆಯ ರೇಷ್ಮೆಯೇ ಅದರ ಮುಖ್ಯ ವರಮಾನ. ತಾನು ಓದುತ್ತಿದ್ದದ್ದು ಆ ಹಣದಿಂದಲೇ.

ರಜೆಯಲ್ಲಿ ಊರಿಗೆ ಬಂದಾಗ ಆಕೆ ಕಂಡದ್ದನ್ನು ಕಂಡಂತೆಯೇ ಹೇಳಿದಳು. ತಂದೆ ಶಾಸ್ತ್ರ ಬಲ್ಲವರು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಗೃಹಸ್ಥನಿಗೆ ಸರ್ವಥಾ ತ್ಯಾಜ್ಯವಾದುದು ಸಂಕಲ್ಪೀ ಹಿಂಸೆ, ವ್ಯಾಪಾರದಲ್ಲಿ ಒದಗುವುದು ಉದ್ಯೋಗೀ ಹಿಂಸೆ ಎಂದರು. ಮಗಳು ವಾದಿಸಲಿಲ್ಲ, ‘ಗೂಡನ್ನು ಆವಿಗೆ ಒಡ್ಡುವವನಿಗೆ ಒಳಗೆ ಜೀವವಿದೆಯೆಂದು ತಿಳಿದಿರುತ್ತದೆಯಲ್ಲವೆ ಅಪ್ಪಾ?’ ಎಂದಷ್ಟೇ ಕೇಳಿದಳು. ತಂದೆ ಉತ್ತರಿಸಲಿಲ್ಲ. ಬಸದಿಗೆ ಹೊರಟು ನಿಂತಿದ್ದ ಅಜ್ಜಿ ತಮ್ಮ ಸೆರಗನ್ನೊಮ್ಮೆ ನೋಡಿಕೊಂಡರು. ಅದು ಪೂಜೆಗೆಂದೇ ತೆಗೆದಿರಿಸಿದ ರೇಷ್ಮೆ.

ಇಷ್ಟಕ್ಕೇ ಆಕೆ ತನ್ನನ್ನು ಶುದ್ಧಳೆಂದು ಭಾವಿಸಲಿಲ್ಲ. ಪತಂಗವನ್ನು ಹೊರಗೆ ಬಿಟ್ಟು, ಒಡೆದ ಗೂಡನ್ನು ಹತ್ತಿಯಂತೆ ನೂತು ನೇಯುವ ಅಹಿಂಸಾ ರೇಷ್ಮೆಯುಂಟು. ಬೆಲೆ ಹೆಚ್ಚು, ಹೊಳಪು ಕಡಿಮೆ. ಆದರೆ ಸಾವಿರಾರು ವರ್ಷ ಮನುಷ್ಯನೇ ಸಾಕಿದ ಆ ಪತಂಗಕ್ಕೆ ಹಾರುವ ಶಕ್ತಿಯೂ ಉಳಿದಿಲ್ಲ. ಪಾಲಿಯೆಸ್ಟರಿನ ಸೂಕ್ಷ್ಮ ಎಳೆಗಳು ತೊಳೆದ ನೀರಿನೊಡನೆ ಹೊಳೆ ಸಮುದ್ರಗಳನ್ನು ಸೇರುತ್ತವೆ. ಹತ್ತಿಯ ಹೊಲದಲ್ಲಿ ಕೀಟನಾಶಕವಿದೆ. ಪೂರ್ಣ ನಿರ್ದೋಷವಾದ ಬಟ್ಟೆ ಗೃಹಸ್ಥನಿಗೆ ದೊರೆಯದು. ಅಲ್ಪಹಿಂಸೆಯದನ್ನು ಎಚ್ಚರದಿಂದ ಆರಿಸುವುದು, ಆರಿಸಿದುದನ್ನು ಮಿತವಾಗಿ ಬಳಸುವುದು ಮಾತ್ರ ಅವನ ಕೈಯಲ್ಲಿದೆ. ಅಹಿಂಸೆಯ ಬೆನ್ನಿಗೆ ಅಪರಿಗ್ರಹವು ನಿಂತಿರುವುದು ಏಕೆಂದು ಆಕೆಗೆ ಆಗ ಅರಿವಾಯಿತು.

ಕೊನೆಯ ವರ್ಷದಲ್ಲಿ ಅಧ್ಯಾಪಕರೊಬ್ಬರು ತರಗತಿಗೆ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಬರೆದುಕೊಟ್ಟ ವರದಿಯನ್ನು ಪರಿಚಯಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯ ಫಲವಾಗಿ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಜೈನ ಮನೆತನದ ಗೌತಮ್ ಸಾರಾಭಾಯಿ ಮತ್ತು ಗೀರಾ ಸಾರಾಭಾಯಿ ಪ್ರಮುಖರು. ಆ ವರದಿಯು ಹಿತ್ತಾಳೆಯ ಸಾಮಾನ್ಯ ತಂಬಿಗೆಯನ್ನು ಶ್ರೇಷ್ಠ ವಿನ್ಯಾಸವೆಂದು ಕೊಂಡಾಡಿದೆ. ಅಂತಹುದೇ ಒಂದು ವಸ್ತುವನ್ನು ಆರಿಸಿ ಅಧ್ಯಯನ ಮಾಡಿರೆಂದು ಅಧ್ಯಾಪಕರು ಸೂಚಿಸಿದರು.

ಆಕೆ ಆರಿಸಿದ್ದು ಮುನಿಗಳ ಪಿಂಛಿಯನ್ನು. ನವಿಲು ತಾನಾಗಿಯೇ ಉದುರಿಸಿದ ಗರಿಗಳ ಕಟ್ಟು ಅದು. ಧೂಳು ಹಿಡಿಯದು, ಬೆವರು ಹೀರದು. ಮೃದು, ಸುಕುಮಾರ, ಹಗುರ. ಈ ಐದು ಗುಣಗಳನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಎಣಿಸಿಟ್ಟಿದ್ದಾರೆ. ಕುಳಿತುಕೊಳ್ಳುವ ನೆಲದ ಮೇಲಿನ ಇರುವೆಗೂ ನೋವಾಗಬಾರದೆಂಬ ಒಂದೇ ಉದ್ದೇಶದಿಂದ ರೂಪುಗೊಂಡ ವಸ್ತು. ಆಕೆ ಅದರ ಕುರಿತು ಕಿರುಚಿತ್ರವೊಂದನ್ನೂ ಮಾಡಿದಳು. ಅದರಲ್ಲಿ ಮಾತಿಲ್ಲ, ಗರಿಯು ನೆಲವನ್ನು ಸವರುವ ಸದ್ದು ಮಾತ್ರ.

ಊರಿನ ಅಂಗಡಿಯಲ್ಲಿ ರೇಷ್ಮೆಯ ಮಾರಾಟ ನಿಂತಿಲ್ಲ. ಆದರೆ ಬಾಗಿಲಿಗೆ ಎದುರಾದ ಕಪಾಟಿನಲ್ಲಿ ಈಗ ಕೈಮಗ್ಗದ ಹತ್ತಿ ಸೀರೆಗಳಿವೆ. ದಶಲಕ್ಷಣ ಪರ್ವದಲ್ಲಿ ಅಜ್ಜಿ ಹತ್ತಿಯ ಬಿಳಿ ಸೀರೆಯನ್ನುಟ್ಟು ಬಸದಿಗೆ ಹೋಗುತ್ತಾರೆ. ಕಾರಣವನ್ನು ಯಾರಿಗೂ ಹೇಳುವುದಿಲ್ಲ.

ಮಕ್ಕಳು ಯಾವ ವಿದ್ಯೆಗೆ ಹೋದರೆಂಬುದಕ್ಕಿಂತ ಅಲ್ಲಿಂದ ಯಾವ ಪ್ರಶ್ನೆಯನ್ನು ಹೊತ್ತು ಮರಳಿದರೆಂಬುದು ಮುಖ್ಯ. ಬಸದಿಗಳ ಪೂಜಾವಸ್ತ್ರವನ್ನು ಕೊಳ್ಳುವಾಗ ಆಡಳಿತ ಮಂಡಳಿಯ ಹಿರಿಯರೂ ಆ ಪ್ರಶ್ನೆಯನ್ನೊಮ್ಮೆ ತಮಗೆ ತಾವೇ ಕೇಳಿಕೊಂಡರೆ, ಅಂತಹ ಮಕ್ಕಳ ಓದು ಸಾರ್ಥಕವಾದೀತು.