ಬಚ್ಚಲಮನೆಯ ಬೀರುವಿನ ಪೀಠ

ಮನೆಗೆ ಬಂದವರು ಬೀರುವಿನ ಬಾಗಿಲನ್ನು ಮೆಚ್ಚುವರು. ಅದರ ಹಿಡಿಯನ್ನೂ ಮೆರುಗನ್ನೂ ಕೊಂಡಾಡುವರು. ಅದು ಯಾವುದರ ಮೇಲೆ ನಿಂತಿದೆಯೆಂದು ಬಗ್ಗಿ ನೋಡುವವರು ವಿರಳ. ನಾವೂ ಹಾಗೆ ನೋಡದವರ ಸಾಲಿನಲ್ಲಿಯೇ ಇದ್ದೆವು. ಫಲವನ್ನು ಅನುಭವಿಸಿದ ಮೇಲೆ ಎಚ್ಚತ್ತೆವು. ಸ್ವಂತ ಕೈಯಿಂದ ಮನೆಯ ಸಾಮಾನುಗಳನ್ನು ಮಾಡಿಕೊಳ್ಳುವ ಹವ್ಯಾಸವುಳ್ಳ ಗೃಹಸ್ಥರಿಗೆ ಉಪಯೋಗವಾದೀತೆಂದು ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇವೆ.

ಮಲೆನಾಡಿನ ನಮ್ಮ ಮನೆಯ ಬಚ್ಚಲಿನಲ್ಲಿ, ಕೈತೊಳೆಯುವ ಬೇಸಿನ್ನಿನ ಕೆಳಗೆ, ನಾಲ್ಕು ಅಡಿ ಉದ್ದದ ಬೀರುವೊಂದನ್ನು ಕೆಲವು ವರ್ಷಗಳ ಹಿಂದೆ ನಾವೇ ಮಾಡಿ ನಿಲ್ಲಿಸಿದ್ದೆವು. ಮುಂಭಾಗಕ್ಕೆ ಮೂರು ಸಾರಿ ಬಣ್ಣ ಬಳಿದಿದ್ದೆವು. ಆದರೆ ಅಗ್ಗವಾಗಿ ದೊರೆತ ಸಾಮಾನ್ಯ ಪ್ಲೈವುಡ್ ಹಲಗೆಗಳನ್ನು ನೆಲಕ್ಕೇ ಊರಿದ್ದೆವು. ನೆಲ ಮುಟ್ಟುವ ಅಂಚಿಗೆ, ಅದು ಕಾಣದ ಭಾಗವೆಂದು, ಏನನ್ನೂ ಬಳಿದಿರಲಿಲ್ಲ. ಹಲಗೆಯ ಕೊಯ್ದ ಅಂಚು ದೀಪದ ಬತ್ತಿಯಂತೆ. ನೆಲದ ನೀರನ್ನು ಹೀರಿ ಮೇಲಕ್ಕೆಳೆಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪದರಗಳು ಬಿಚ್ಚಿಕೊಂಡವು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ನಮ್ಮ ಬಚ್ಚಲಿನಲ್ಲಿಯೇ ನಿಜವಾಯಿತು.

ಒಂದು ಮುಂಜಾನೆ, ಎಂಬತ್ತರ ಸಮೀಪದ ನಮ್ಮ ತಾಯಿಯವರು ಮುಖ ತೊಳೆದು, ಎಂದಿನಂತೆ ಎರಡು ಕೈಗಳನ್ನೂ ಅಂಚಿನ ಮೇಲೆ ಊರಿದಾಗ ಬೀರು ಮುಂದಕ್ಕೆ ವಾಲಿತು. ಬೇಸಿನ್ನು ಬಿರಿಯಿತು. ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡುದರಿಂದ ಬೀಳಲಿಲ್ಲ, ಮಣಿಕಟ್ಟು ಉಳುಕಿತು. ನಮಗೆ ಒಂದು ಮಾತನ್ನೂ ಆಡಲಿಲ್ಲ. ಆದರೆ ಮಾರನೆಯ ದಿನದಿಂದ ಚೊಂಬು ಹಿಡಿದು ಹಿತ್ತಿಲಿನ ಕಲ್ಲಿನ ಬಳಿಗೆ ಹೋಗತೊಡಗಿದರು. ಆ ಮೌನವು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಎರಡನೆಯ ಸಾರಿ ಬುಡದಿಂದಲೇ ಆರಂಭಿಸಿದೆವು. ಮೊದಲು ಭಾರದ ಲೆಕ್ಕ. 120 ಸೆಂ.ಮೀ. ಉದ್ದ, 55 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಗ್ರಾನೈಟ್ ಚಪ್ಪಡಿಯೊಂದೇ, ಬೇಸಿನ್ನಿಗಾಗಿ ರಂಧ್ರ ಕೊರೆಯುವ ಮುನ್ನ, ಸುಮಾರು 35 ಕಿಲೋ ತೂಗುತ್ತದೆ. ಕಲ್ಲಿನ ಭಾರ ನೆಟ್ಟಗೆ ಕೆಳಕ್ಕಿಳಿಯುವುದು. ಕೈಯೂರುವವರ ಭಾರವಾದರೋ ಮುಂದಿನ ಅಂಚಿನ ಮೇಲೆ ಬಿದ್ದು ಬೀರುವನ್ನೇ ಮಗುಚಲು ನೋಡುವುದು. ಒಂದಕ್ಕೆ ಪೀಠ ಬೇಕು, ಮತ್ತೊಂದಕ್ಕೆ ಗೋಡೆಯ ಹಿಡಿತ ಬೇಕು.

ನೆಲದ ಟೈಲುಗಳನ್ನು ಒಡೆದರೆ ಅವುಗಳಡಿಯ ನೀರುತಡೆಯ ಲೇಪ ಕೆಟ್ಟೀತೆಂದು, ಮೇಲ್ಮೈಯನ್ನು ಉಜ್ಜಿ ಒರಟು ಮಾಡಿದೆವಷ್ಟೆ. ಅದರ ಮೇಲೆ 40 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಆರು ಕಾಂಕ್ರೀಟ್ ಇಟ್ಟಿಗೆಗಳನ್ನು ಎರಡು ಸಾಲಾಗಿ ಮಲಗಿಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯಲ್ಲಿ ಕೂರಿಸಿ, ಸಾಲುಗಳ ನಡುವಣ ಸಂದನ್ನು ಕಾಂಕ್ರೀಟಿನಿಂದ ತುಂಬಿದೆವು. ಜಿರಲೆಗೂ ಎಡೆ ಉಳಿಯಲಿಲ್ಲ. ಬಚ್ಚಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ನೂರಕ್ಕೆ ಒಂದರಷ್ಟು ಇಳಿಜಾರಿದ್ದರೂ 120 ಸೆಂ.ಮೀ. ಉದ್ದಕ್ಕೆ 12 ಮಿ.ಮೀ. ವ್ಯತ್ಯಾಸ ಬೀಳುವುದು. ಅದನ್ನು ಗಾರೆಯ ದಪ್ಪದಲ್ಲಿಯೇ ಸರಿಪಡಿಸಿ, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು ನೋಡಿದೆವು. ಬಳಿಕ ಏಳು ದಿನ ನೀರುಣಿಸಿ ಬಿಟ್ಟೆವು. ಅವಸರವೇ ಹಿಂದಿನ ತಪ್ಪಿನ ತಾಯಿಯೆಂಬುದನ್ನು ಮರೆತಿರಲಿಲ್ಲ.

ಪೀಠದ ಮುಂಭಾಗವನ್ನು ಬೀರುವಿಗಿಂತ 7 ಸೆಂ.ಮೀ. ಒಳಕ್ಕೆ ಇಟ್ಟೆವು. ಕಾಲ್ಬೆರಳುಗಳು ಒಳಸರಿದರೆ ನಿಂತವರು ಬೇಸಿನ್ನಿನತ್ತ ಹೆಚ್ಚು ಬಾಗಬೇಕಾಗಿಲ್ಲ. ಬೀರುವಿಗೆ ಈ ಸಾರಿ ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ಡನ್ನೇ ತಂದೆವು. ಕೊಯ್ದ ಅಂಚುಗಳಿಗೆಲ್ಲ, ವಿಶೇಷವಾಗಿ ಕಾಣದವುಗಳಿಗೆ, ಎರಡೆರಡು ಸಾರಿ ಎಪಾಕ್ಸಿ ಲೇಪ ಕೊಟ್ಟೆವು. ಪೀಠಕ್ಕೂ ಹಲಗೆಗೂ ನಡುವೆ ತೆಳುವಾದ ರಬ್ಬರ್ ತುಂಡುಗಳನ್ನಿಟ್ಟೆವು. ಪಕ್ಕದ ಹಲಗೆಗಳೂ ನಡುವಣ ಅಡ್ಡಹಲಗೆಯೂ ನೇರವಾಗಿ ಪೀಠದ ಮೇಲೆಯೇ ನಿಂತು ಕಲ್ಲನ್ನು ಹೊರುವಂತೆ ನೋಡಿಕೊಂಡೆವು. ಕಡೆಗೆ, ಹಿಂಬದಿಯ ಮೇಲ್ಪಟ್ಟಿಯನ್ನು ತುಕ್ಕು ಹಿಡಿಯದ ಉಕ್ಕಿನ ತಿರುಪುಗಳಿಂದ, ಗಾರೆಯ ಲೇಪವನ್ನು ದಾಟಿ ಇಟ್ಟಿಗೆಗೆ ತಲುಪುವಂತೆ, ಗೋಡೆಗೆ ಬಿಗಿದೆವು.

ಕೆಲಸ ಮುಗಿದಾಗ ನಾವು ತಾಯಿಯವರನ್ನು ಕರೆಯಲಿಲ್ಲ. ಕರೆಯಲು ಧೈರ್ಯವಿರಲಿಲ್ಲವೆಂದರೂ ಸರಿಯೇ. ಹಲವು ದಿನಗಳ ಬಳಿಕ, ಜಡಿಮಳೆಯ ಒಂದು ಮುಂಜಾನೆ, ಅವರೇ ಬಂದರು. ಮೊದಲು ಒಂದು ಕೈಯಿಂದ ಅಂಚನ್ನು ಅಲುಗಿಸಿ ನೋಡಿದರು. ಮತ್ತೆ ಎರಡು ಕೈಗಳನ್ನೂ ಊರಿ, ಮೈಭಾರವನ್ನೆಲ್ಲ ಬಿಟ್ಟು ನಿಂತರು. "ಈಗ ನಿಂತಿದೆ" ಎಂದರು. ಆ ಎರಡು ಮಾತುಗಳಿಗಿಂತ ಹೆಚ್ಚಿನ ಬಹುಮಾನವನ್ನು ನಾವು ಬಯಸಲಿಲ್ಲ.

ಈಗ ತಿಂಗಳಿಗೊಮ್ಮೆ ದೀಪ ಹಿಡಿದು ಪೀಠದ ಸುತ್ತ ತೇವವುಂಟೋ ಎಂದು ನೋಡುವುದು ನಮ್ಮ ರೂಢಿ. ವಾಚಕರೂ ಈ ಹೊತ್ತು ತಮ್ಮ ಬಚ್ಚಲಿನಲ್ಲಿ ಒಮ್ಮೆ ಬಗ್ಗಿ ನೋಡಬೇಕೆಂದು ನಮ್ಮ ಪ್ರಾರ್ಥನೆ.