ಹುಷಾರಾಗಿದ್ದವರ ಬ್ರೆಡ್ಡು

ನಾನು ಬೆಳೆದ ಟಿ. ನರಸೀಪುರದಲ್ಲಿ ಬ್ರೆಡ್ಡು ಜ್ವರದ ಜೊತೆಗೇ ಮನೆಗೆ ಬರುತ್ತಿತ್ತು. ಅನ್ನ, ಮುದ್ದೆಯ ಸೀಮೆ ನಮ್ಮದು. ಮೈ ಕಾದಾಗ ಅಪ್ಪ ಬೇಕರಿಯಿಂದ ಅರ್ಧ ಪೌಂಡು ಬ್ರೆಡ್ಡು ತರುತ್ತಿದ್ದರು. ಅಮ್ಮ ಅದನ್ನು ಬಿಸಿ ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದಳು. ಆಸ್ಪತ್ರೆಗೆ ಹೊರಟವರ ಕೈಚೀಲದಲ್ಲೂ ಮೋಸಂಬಿಯ ಪಕ್ಕ ಅದೇ. ಬ್ರೆಡ್ಡು ಹಿಡಿದು ಬೀದಿಯಲ್ಲಿ ಬಂದರೆ ಜಗುಲಿಯ ಮೇಲಿನ ಅಜ್ಜಿಯರು ಕೇಳಿಯೇ ಕೇಳುತ್ತಿದ್ದರು: “ಯಾಕವ್ವ, ಮನೇಲಿ ಯಾರ್ಗೆ ಹುಷಾರಿಲ್ಲ?”

ಈಗ ನನ್ನ ಸಂಸಾರ ನಂಜನಗೂಡಿನಲ್ಲಿ. ವಾರವೆಲ್ಲ ಮೈಸೂರಿಗೆ ಓಡಾಡಿದ ದಣಿವು ಮೈಗಿಂತ ಹೆಚ್ಚಾಗಿ ತಲೆಯಲ್ಲಿ ಕೂತಿರುತ್ತದೆ. ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕಟ್ಟೆ ಒರೆಸಿ, ಮೈದಾ ಡಬ್ಬಿ ಇಳಿಸಿದೆನೆಂದರೆ ಅದೂ ಇಳಿಯತೊಡಗುತ್ತದೆ. ಅರ್ಧ ಕೆ.ಜಿ. ಮೈದಾ, 300 ಮಿ.ಲೀ. ನೀರು, 7 ಗ್ರಾಂ ಒಣ ಈಸ್ಟು, 10 ಗ್ರಾಂ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, 25 ಗ್ರಾಂ ಬೆಣ್ಣೆ. ಇಷ್ಟೇ ಸಾಮಾನು. ಇದನ್ನು ಕಲಿಸಿದವಳು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ ಬೇಕರಿ ತರಬೇತಿ ಪಡೆದ ಗೆಳತಿ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಆ ಆಹಾರ ಸಂಶೋಧನಾ ಸಂಸ್ಥೆ ಹಿಟ್ಟಿನ ವಿದ್ಯೆಗೂ ಹೆಸರಾದದ್ದು. ಅವಳು ಹೇಳಿಕೊಟ್ಟ ಮೊದಲ ಪಾಠ ಮಾತ್ರ ಅಳತೆಯದ್ದಲ್ಲ: “ನೀರು ನಿನ್ನ ಬೆರಳಿಗೆ ಹಿತವಾಗಿದ್ದರೆ ಈಸ್ಟಿಗೂ ಹಿತ. ನಿನಗೆ ಸುಟ್ಟರೆ ಅದು ಸತ್ತೇಹೋಗುತ್ತೆ.”

ನಾದುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಯುಗಾದಿಯ ಒಬ್ಬಟ್ಟಿಗೆ ಅಜ್ಜಿ ಕಣಕ ನಾದುವುದನ್ನು ಪಕ್ಕದಲ್ಲೇ ಕೂತು ನೋಡಿದವಳು ನಾನು. ಮೊದಲು ಬೆರಳಿಗೆಲ್ಲ ಅಂಟಿಕೊಂಡು ಹಟ ಮಾಡುವ ಹಿಟ್ಟು, ಅಂಗೈಯಿಂದ ಒತ್ತಿ, ಮಡಚಿ, ತಿರುಗಿಸಿ ಮತ್ತೆ ಒತ್ತಿದಂತೆ ಹತ್ತು ನಿಮಿಷದಲ್ಲಿ ಕೈ ಬಿಟ್ಟು ನುಣ್ಣಗಾಗುತ್ತದೆ. ಗೋಧಿಯ ಪ್ರೋಟೀನು ನೀರು ಕುಡಿದು ಒಳಗೊಂದು ಬಲೆ ಹೆಣೆಯುತ್ತದೆ. ಈಸ್ಟು ಸಕ್ಕರೆ ತಿಂದು ಬಿಡುವ ಗಾಳಿಯನ್ನು ಹಿಡಿದಿಡುವುದು ಆ ಬಲೆ. ನಮ್ಮ ರಾಗಿ, ಅಕ್ಕಿಗಳಿಗೆ ಅದಿಲ್ಲ. ಇಡ್ಲಿ ಹಿಟ್ಟಿನಲ್ಲಿ ಉದ್ದಿನ ಲೋಳೆ ಅದರ ಕೆಲಸ ಮಾಡುತ್ತದೆ. ಇದು ತಿಳಿದ ಮೇಲೆ ಬ್ರೆಡ್ಡು ನನಗೆ ಪರದೇಶಿ ಅನ್ನಿಸಿಲ್ಲ, ಇಡ್ಲಿಯ ದೂರದ ನೆಂಟ ಅನ್ನಿಸಿದೆ.

ಬೋಗುಣಿಗೆ ಒದ್ದೆ ಬಟ್ಟೆ ಮುಚ್ಚಿಟ್ಟ ಮೇಲೆ ಮಾಡಲು ಏನೂ ಇರುವುದಿಲ್ಲ. ನನಗೆ ಅತಿ ಇಷ್ಟದ ಹೊತ್ತು ಅದು. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ, ಧನುರ್ಮಾಸದ ಚಳಿಯಲ್ಲಿ ಒಂದೂವರೆ ಗಂಟೆ. ಅವಸರ ಮಾಡಿದರೆ ಹಿಟ್ಟು ಕೇಳುವುದಿಲ್ಲ. ನಾನು ಕಪಿಲೆಯ ಸ್ನಾನಘಟ್ಟದ ಮೆಟ್ಟಿಲವರೆಗೆ ನಡೆದು ಹೋಗುತ್ತೇನೆ. ಮುಡಿ ಕೊಟ್ಟು ಮಿಂದ ಮಕ್ಕಳು ನುಣ್ಣನೆ ತಲೆ ಸವರಿಕೊಳ್ಳುತ್ತಿರುತ್ತವೆ, ಶ್ರೀಕಂಠೇಶ್ವರನ ಗಂಟೆ ಕೇಳುತ್ತಿರುತ್ತದೆ. ಹೊಳೆ ನೋಡುತ್ತಾ ಕೂರುತ್ತೇನೆ. ಇದೇ ನೀರು ನನ್ನೂರಿಗೆ ಹೋಗಿ ಕಾವೇರಿಯನ್ನು ಸೇರುತ್ತದೆ.

ಮನೆಗೆ ಮರಳಿದಾಗ ಬಟ್ಟೆಯ ಕೆಳಗೆ ಹಿಟ್ಟು ಎರಡರಷ್ಟಾಗಿ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಗಾಳಿ ಹೋಗುವಂತೆ ಮೆಲ್ಲಗೆ ಅದುಮಿ, ಸುರುಳಿ ಸುತ್ತಿ ಟಿನ್ನಿಗಿಳಿಸಿ, ಮತ್ತೆ ಉಬ್ಬಲು ಬಿಟ್ಟು, 200 ಡಿಗ್ರಿಯಲ್ಲಿ 35 ನಿಮಿಷ ಸುಡುತ್ತೇನೆ. ಇಪ್ಪತ್ತನೇ ನಿಮಿಷಕ್ಕೆ ಘಮ ನಡುಮನೆಗೆ ಬರುತ್ತದೆ, ಅದರ ಹಿಂದೆಯೇ ಮಕ್ಕಳು ಅಡುಗೆಮನೆಗೆ. ಟಿನ್ನಿನಿಂದ ತೆಗೆದು ತಳ ತಟ್ಟುತ್ತೇನೆ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಟೊಳ್ಳು ಸದ್ದು ಬಂದರೆ ಬೆಂದಿದೆ. ಆರುವ ಮುಂಚೆ ಕೊಯ್ದರೆ ಒಳಗು ಮುದ್ದೆಯಾಗುತ್ತದೆ, ಹಾಗಾಗಿ ಇನ್ನೊಂದಿಷ್ಟು ಕಾಯುವುದು. ಆಮೇಲೆ ತುಪ್ಪ ಸವರಿದ ಒಂದು ಹೋಳು. ಸೊರಗು ರೋಗಕ್ಕೆ ಸಿಕ್ಕು ಅಪರೂಪವಾದ ನಂಜನಗೂಡಿನ ರಸಬಾಳೆ ಸಿಕ್ಕ ದಿನ, ತುಪ್ಪದ ಮೇಲೆ ಅದರದ್ದೂ ಹೋಳು.

ಮೊನ್ನೆ ಇಡೀ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಅಮ್ಮನ ಬೀದಿಯ ತಿರುವಿನ ಜಗುಲಿಯಲ್ಲಿ ಅದೇ ಅಜ್ಜಿ. ಕಣ್ಣು ಮಂಜಾಗಿದೆ, ಮೂಗು ಚುರುಕಾಗಿದೆ. “ಬ್ರೆಡ್ಡಲ್ವೇನವ್ವ? ಯಾರ್ಗೆ ಹುಷಾರಿಲ್ಲ?”

ಅಲ್ಲೇ ಪಕ್ಕದಲ್ಲಿ ಕೂತು ಬಟ್ಟೆ ಬಿಚ್ಚಿ ತುದಿಯದೊಂದು ತುಂಡು ಮುರಿದೆ. “ಎಲ್ಲಾ ಹುಷಾರಾಗಿದ್ದೀವಿ ಅಜ್ಜಿ, ಅದಕ್ಕೇ ಮಾಡ್ದೆ” ಎಂದು ಅವರ ಕೈಗಿಟ್ಟೆ.