ಆಯಿಯ ಬೀಸುವ ಹಾಡು, ಮನಿಲಾದ ದನಿ

ನಮ್ಮ ಟೀಮಿನ ಅರ್ಧ ಪುಣೆಯಲ್ಲಿ, ಅರ್ಧ ಮನಿಲಾದಲ್ಲಿ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಕಳೆದ ವರ್ಷ ಒಂದು ರಾತ್ರಿ ಹೊಸ ರಿಲೀಸ್ ಇತ್ತು. ಎಲ್ಲ ಸರಿಯಾಗಿ ಓಡುತ್ತದೋ ಇಲ್ಲವೋ ಎಂದು ಕಾಲ್‌ನಲ್ಲಿ ಕಾಯುತ್ತ ಕೂತಿದ್ದೆವು. ಮನಿಲಾದ ಸಹೋದ್ಯೋಗಿಯೊಬ್ಬಳು ಮೈಕ್ ಮ್ಯೂಟ್ ಮಾಡುವುದನ್ನು ಮರೆತು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ನನಗೆ ಕೂಡಲೇ ಗುರುತು ಸಿಕ್ಕಿತು. ಅದು ಡಿಸ್ನಿಯ 'ಅಲಾದ್ದೀನ್' ಸಿನಿಮಾದಲ್ಲಿ ಹಾರುವ ಚಾಪೆಯ ಮೇಲೆ ಕೂತು ಹಾಡುವ ಹಾಡು. ನನ್ನ ಎಂಟು ವರ್ಷದ ಮಗಳು ದಿನಕ್ಕೆ ನಾಲ್ಕು ಸಲ ಅದನ್ನೇ ಹಾಡುತ್ತಾಳೆ. ಹಾಗೆಂದು ಹೇಳಿದೆ. ಆಕೆ ನಕ್ಕು, "ಅದನ್ನ ಹಾಡಿದ್ದು ನಮ್ಮ ಲೇಯಾ, ಗೊತ್ತಾ?" ಎಂದಳು.

ನಾವು 'ನಮ್ಮ ಅಣ್ಣಾವ್ರು' ಎನ್ನುವಾಗ ಬರುತ್ತದಲ್ಲ, ಅದೇ 'ನಮ್ಮ' ಅದು. ಅವತ್ತು ರಾತ್ರಿಯಿಂದ ನಾನು ಲೇಯಾ ಸಲೋಂಗಾ ಅವರನ್ನು ಕೇಳತೊಡಗಿದೆ.

ಏಳನೆಯ ವಯಸ್ಸಿಗೆ ಮನಿಲಾದ ರಂಗಭೂಮಿಗೆ ಬಂದವರು ಅವರು. 1981ರಲ್ಲಿ, ಹತ್ತು ವರ್ಷದವರಿದ್ದಾಗ, ಮೊದಲ ಆಲ್ಬಂ 'ಸ್ಮಾಲ್ ವಾಯ್ಸ್' ಬಂತು. ಮುಂದೆ ಡಾಕ್ಟರ್ ಆಗಬೇಕೆಂದು ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದಾಗ ಲಂಡನ್ನಿನ ನಾಟಕ ತಂಡ ಹಾಡುಗಾರ್ತಿಯನ್ನು ಹುಡುಕಿಕೊಂಡು ಮನಿಲಾಕ್ಕೆ ಬಂತು. 1989ರಲ್ಲಿ 'ಮಿಸ್ ಸೈಗಾನ್' ಸಂಗೀತ ನಾಟಕ ಲಂಡನ್ನಿನಲ್ಲಿ ತೆರೆ ಕಂಡಾಗ ನಾಯಕಿಗೆ ಹದಿನೆಂಟು ವರ್ಷ. ಆ ಪಾತ್ರಕ್ಕೆ ಅಲ್ಲಿ ಒಲಿವಿಯೆ ಪ್ರಶಸ್ತಿ, 1991ರಲ್ಲಿ ನ್ಯೂಯಾರ್ಕಿನಲ್ಲಿ ಟೋನಿ ಪ್ರಶಸ್ತಿ.

ರಂಗದ ಮೇಲೆ ಇಷ್ಟು ಹೆಸರು ಮಾಡಿದವರ ರೆಕಾರ್ಡಿಂಗ್ ಬದುಕು ಮಾತ್ರ ವಿಚಿತ್ರ. 1992ರ 'ಅಲಾದ್ದೀನ್'ನಲ್ಲಿ ರಾಜಕುಮಾರಿ ಜಾಸ್ಮಿನ್ ಮಾತಾಡುವುದು ಒಬ್ಬರ ದನಿಯಲ್ಲಿ, ಹಾಡುವುದು ಲೇಯಾ ದನಿಯಲ್ಲಿ. 1998ರ 'ಮುಲಾನ್'ನಲ್ಲೂ ಹಾಗೆಯೇ. 'ಅಲಾದ್ದೀನ್' ಹಾಡಿಗೆ ಆಸ್ಕರ್ ಬಂತು. ಆದರೆ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿದ್ದು ಅದೇ ಹಾಡನ್ನು ಬೇರೆ ಇಬ್ಬರು ಹಾಡಿದ ಆವೃತ್ತಿ. 1993ರಲ್ಲಿ ಅಟ್ಲಾಂಟಿಕ್ ಕಂಪನಿ ಅವರ ಹೆಸರಿನಲ್ಲೇ ಆಲ್ಬಂ ತಂದಿತು. ಆದರೂ ಜಗತ್ತಿನ ಎಷ್ಟೋ ಮನೆಗಳಲ್ಲಿ ದನಿ ಪರಿಚಿತ, ಹೆಸರು ಅಪರಿಚಿತ. ನಮ್ಮ ಮನೆಯೂ ಅದರಲ್ಲೊಂದು.

ಇದನ್ನೆಲ್ಲ ಸಹೋದ್ಯೋಗಿಗೆ ಹೇಳಿದಾಗ ಆಕೆ, "ಅದು ಸರಿ, 'ಬಹಘಾರಿ' ಕೇಳಿದೆಯಾ?" ಎಂದು ಕೇಳಿದಳು.

'ಬಹಘಾರಿ' ಎಂದರೆ ಟಗಾಲೋಗ್ ಭಾಷೆಯಲ್ಲಿ ಕಾಮನಬಿಲ್ಲು. 2017ರ ಆಲ್ಬಂ. ಫಿಲಿಪೀನ್ಸ್‌ನ ಬೇರೆ ಬೇರೆ ಭಾಷೆಗಳ ಹಳೆಯ ಹಾಡುಗಳು ಅದರಲ್ಲಿವೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಒಂದು ಪದವೂ ಅರ್ಥವಾಗಲಿಲ್ಲ. ಅಷ್ಟೂ ಭಾಷೆಗಳು ಯಾರೊಬ್ಬರ ಮನೆಮಾತೂ ಆಗಿರಲಾರವು. ಆದರೂ ಹಾಡಿದ್ದಾರೆ. ಮೊದಲ ಆಲ್ಬಂ ಬಂದು ಮೂವತ್ತಾರು ವರ್ಷಗಳಾದ ಮೇಲೆ, ಲಂಡನ್ನು, ನ್ಯೂಯಾರ್ಕು, ಹಾಲಿವುಡ್ಡು ಎಲ್ಲ ಸುತ್ತಿ ಬಂದ ಮೇಲೆ.

ಆಗ ನನಗೆ ಹೊಳೆದದ್ದು ಇಷ್ಟು: ಮನೆಯ ಹಾಡು ತಾನಾಗಿ ಉಳಿಯುವುದಿಲ್ಲ. ಅದಕ್ಕೂ ಯಾರೋ ಒಂದು ದಿನ ಗೊತ್ತು ಮಾಡಿ, ಸ್ಟುಡಿಯೋ ಹಿಡಿದು, ಮೈಕಿನ ಮುಂದೆ ನಿಲ್ಲಬೇಕು.

ನಾನು ನಿಂತಿರಲಿಲ್ಲ.

ಹಾವೇರಿ ಹತ್ತಿರದ ನಮ್ಮೂರಿನಲ್ಲಿ ಅಜ್ಜಿಗೆ ಆಯಿ ಅಂತೀವಿ. ನಮ್ಮ ಆಯಿ ಬೀಸುವ ಹಾಡುಗಳ ಕಣಜ. ಗಿರಣಿ ಬಂದು ಎಷ್ಟೋ ವರ್ಷವಾದರೂ, ಕಾಳು ಹಸನು ಮಾಡುವಾಗ, ಮೊಮ್ಮಕ್ಕಳನ್ನು ಮಲಗಿಸುವಾಗ ಅವೇ ಹಾಡು. ನನ್ನ ಕೈಯಲ್ಲಿ ಒಳ್ಳೆಯ ಫೋನ್ ಇತ್ತು. ಆಫೀಸಿನಲ್ಲಿ ದಿನಾ ಎಲ್ಲ ಡೇಟಾ ಬ್ಯಾಕಪ್ ತೆಗೆಯುವ ಕೆಲಸವೇ ನನ್ನದು. ಪ್ರತಿ ಸಲ ಊರಿಗೆ ಹೋದಾಗಲೂ "ಬರೋ ದಸರಾಕ್ಕ ರೆಕಾರ್ಡ್ ಮಾಡ್ಕೊಂತೀನಿ" ಎನ್ನುತ್ತಿದ್ದೆ. 2019ರ ದಸರಾಕ್ಕೆ ಆಯಿ ಇರಲಿಲ್ಲ. ನನ್ನ ಫೋನಿನಲ್ಲಿ ಅವಳ ಫೋಟೋ ಮುನ್ನೂರು ಇವೆ, ದನಿ ಒಂದೂ ಇಲ್ಲ.

'ಬಹಘಾರಿ' ಕೇಳಿದ ಭಾನುವಾರವೇ ಅವ್ವಗೆ ವಿಡಿಯೋ ಕಾಲ್ ಮಾಡಿದೆ. ಆಯಿ ಹಾಡು ನೆನಪಿವೆಯಾ ಎಂದೆ.

"ಅಯ್ಯ, ಅದನ್ನೇನ್ ತುಂಬ್ಕೊಂತಿ? ನಂಗ ಪೂರಾ ಬರಂಗಿಲ್ಲಪ. ಮದಲಿನ್ ನಾಕ್ ಸಾಲು ಅಷ್ಟ."

"ನಾಕ ಸಾಕವ್ವ. ಹಾಡು."

ಅವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಮಧ್ಯದಲ್ಲಿ ಕುಕ್ಕರ್ ಎರಡು ಸಲ ಕೂಗಿತು. ಮೂರನೇ ಸಾಲಿಗೆ ದನಿ ಒಡೆಯಿತು. ನಾನೂ ಪರದೆಯಿಂದ ಮುಖ ತಿರುಗಿಸಿದೆ.

ಮಗಳು ಪಕ್ಕದಲ್ಲಿ ಬಂದು ಕೂತಿದ್ದಳು. ಅವಳು ಹುಟ್ಟಿದ್ದು, ಬೆಳೆದದ್ದು ಪುಣೆಯಲ್ಲೇ. ಇಲ್ಲಿ ಆಯಿ ಎಂದರೆ ತಾಯಿ. ಗೊಂದಲ ಬೇಡವೆಂದು ಅವಳಿಗೆ 'ಅಜ್ಜಿ' ಎನ್ನುವುದನ್ನೇ ಕಲಿಸಿದ್ದೆವು. ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಅವತ್ತು ಮಾತ್ರ ತಡವರಿಸುತ್ತ ಕನ್ನಡದಲ್ಲೇ ಕೇಳಿದಳು: "ಅಜ್ಜಿ, ಬೀಸೋದು ಅಂದ್ರ ಗಾಳಿ ಬೀಸೋದಾ?"

ಅವ್ವ ಕಣ್ಣೊರೆಸಿಕೊಂಡು ಬಿದ್ದು ಬಿದ್ದು ನಕ್ಕಳು. ಫೋನ್ ಹಿಡಿದುಕೊಂಡೇ ಹಿತ್ತಲಿಗೆ ನಡೆದು, ಗೋಡೆಗೆ ಆನಿಸಿಟ್ಟ ಬೀಸುವ ಕಲ್ಲು ತೋರಿಸಿದಳು. ಅದರ ಮೇಲೆ ಬೆಕ್ಕು ಮಲಗಿತ್ತು. ಮಗಳಿಗೆ ಮೊದಲು ಕಂಡದ್ದು ಬೆಕ್ಕು, ಆಮೇಲೆ ಕಲ್ಲು.

ಇಲ್ಲಿಯವರೆಗೆ ಮೂರು ಹಾಡು ಆಗಿವೆ. ಒಂದೂ ಪೂರ್ತಿಯಿಲ್ಲ. ನಾಲ್ಕನೆಯದರ ಕೊನೆ ಅವ್ವಗೆ ನೆನಪಾಗುತ್ತಿಲ್ಲ. ಓಣಿಯ ಹಿರಿಯಾಕೆಯೊಬ್ಬರಿಗೆ ಬರುತ್ತದಂತೆ, ಕೇಳಿ ಬರುತ್ತೇನೆ ಎಂದಿದ್ದಾಳೆ. ಮಗಳು ಈಗಲೂ ಹಾರುವ ಚಾಪೆಯ ಹಾಡನ್ನೇ ದಿನಾ ಹಾಡುತ್ತಾಳೆ. ಹಾಡಲಿ. ಆ ದನಿ ಯಾರದೆಂದು ಈಗ ಅವಳಿಗೆ ಗೊತ್ತು. ನಡುನಡುವೆ ಅವ್ವನ ನಾಲ್ಕು ಸಾಲುಗಳಲ್ಲಿ ಎರಡು ಬರುತ್ತವೆ, ಮರಾಠಿ ಉಚ್ಚಾರದಲ್ಲಿ. ನಾನು ತಿದ್ದಲು ಹೋಗುವುದಿಲ್ಲ. ಫೋನ್ ತೆಗೆದು ರೆಕಾರ್ಡ್ ಒತ್ತುತ್ತೇನೆ.